ಮೊದಲ ಚೊಂಬಿನ ಹಾಲು

ಪುಟ್ಟಲಕ್ಷ್ಮಿಯ ಬಲಗೈ ಹೆಬ್ಬೆರಳ ಉಗುರಿಗೆ ಇಡೀ ಊರು ಹೆದರುತ್ತಿತ್ತು ಎಂದರೆ ನಗಬೇಡಿ. ಗಾವಡಗೆರೆಯಿಂದ ಎರಡು ಮೈಲಿ ಒಳಗಿರುವ ಆ ಊರಿನ ಹಾಲಿನ ಡೈರಿಯಲ್ಲಿ ಅವಳು ಟೆಸ್ಟರ್. ಜಿಡ್ಡು ಅಳೆಯುವ ಮಿಷನ್ನು, ನೀರು ಕಂಡುಹಿಡಿಯುವ ಲ್ಯಾಕ್ಟೋಮೀಟರು ಎಲ್ಲವೂ ಮೇಜಿನ ಮೇಲಿದ್ದವು. ಮೈಸೂರಿಗೆ ಹೋಗಿ ಒಂಬತ್ತು ದಿನ ತರಬೇತಿಯನ್ನೂ ಮುಗಿಸಿ ಬಂದಿದ್ದಳು. ಆದರೂ ಯಾರ ಚೊಂಬು ಮುಂದೆ ಬಂದರೂ ಮೊದಲು ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು ಕೈ ಓರೆ ಮಾಡಿ ನೋಡುವಳು. ಹನಿ ನಿಂತರೆ ಹಾಲು, ಜಾರಿದರೆ ನೀರು. ಮಿಷನ್ನಿಗೆ ಕರೆಂಟು ಬೇಕು, ನನ್ನ ಉಗುರಿಗೆ ಬೇಡ ಎನ್ನುವುದು ಅವಳ ಜಂಬ. ಒಮ್ಮೆ ಸ್ವಂತ ಅತ್ತೆ ತಂದ ಹಾಲೇ ಜಾರಿತು. "ವಾಪಸ್ ತಗೊಂಡೋಗತ್ತೆ, ಇದು ಆಲಲ್ಲ" ಎಂದು ಹತ್ತು ಜನರ ಎದುರಿಗೆ ಅಂದುಬಿಟ್ಟಳು. ಅತ್ತೆ ಸಾಯುವವರೆಗೂ ಅದನ್ನು ಮರೆಯಲಿಲ್ಲ. ಪುಟ್ಟಲಕ್ಷ್ಮಿಗೂ ಅದರ ಬಗ್ಗೆ ಪಶ್ಚಾತ್ತಾಪ ಇರಲಿಲ್ಲ.

ಅವಳು ಹಾರನಹಳ್ಳಿ ಕಡೆಯ ಹೆಣ್ಣು. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ಮದುವೆಯಾಗಿ ಈ ಊರಿಗೆ ಬಂದಾಗ ಓದಿದ ಸೊಸೆ ಎಂದು ಡೈರಿಗೆ ಕರೆದರು. ಗಂಡ ಲಿಂಗರಾಜು ಹೊಗೆಸೊಪ್ಪು ಬೆಳೆಯುವವನು. ಮಾತು ಕಡಿಮೆ, ದುಡಿಮೆ ಜಾಸ್ತಿ. ಏಳು ವರ್ಷ ಮಕ್ಕಳಾಗಲಿಲ್ಲ. ಊರಿನವರು ಬಂಜೆ ಎಂದು ಹೆಸರಿಟ್ಟರು, ಹರಕೆ ಹೇಳಿಕೊಟ್ಟರು, ಲಿಂಗರಾಜುವಿಗೆ ಇನ್ನೊಂದು ಮದುವೆ ಮಾಡುವ ಮಾತೂ ಬಂದುಹೋಯಿತು. ಎಂಟನೆಯ ವರ್ಷ ಅನು ಹುಟ್ಟಿದಳು. ಆ ಮಗುವಿನ ಮೇಲೆ ತಾಯಿ ಜೀವವನ್ನೇ ಇಟ್ಟುಕೊಂಡಿದ್ದಳು. ನಾಲ್ಕು ವರ್ಷ ತುಂಬಿದರೂ ತಾನೇ ಕಲಸಿ, ತಾನೇ ತುತ್ತು ಮಾಡಿ, ತಾನೇ ಬಾಯಿಗಿಡಬೇಕು. ಬೇರೆಯವರು ಉಣಿಸಿದರೆ ಅವಳಿಗೆ ಸಮಾಧಾನವಿಲ್ಲ.

2008ರ ಫೆಬ್ರವರಿ ಕೊನೆಯಲ್ಲಿ ಡೈರಿಗೆ ಒಂದು ಪೆಟ್ಟಿಗೆ ಬಂತು. ತಂದವಳು ಪವಿತ್ರಾ, ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಪೆಟ್ಟಿಗೆ ನೋಡಲು ರೇಡಿಯೋದಷ್ಟೇ ಇತ್ತು. ಅದರ ಜೊತೆ ಬೆಂಕಿಕಡ್ಡಿಗಿಂತ ಸ್ವಲ್ಪ ಅಗಲವಾದ ಪ್ಲಾಸ್ಟಿಕ್ ಪಟ್ಟಿಗಳು, ಪ್ರತಿಯೊಂದರ ತುದಿಯಲ್ಲೂ ಒಂದು ಕಪ್ಪು ಚುಕ್ಕೆ. ಹಾಲಿನಲ್ಲಿ ಕೀಟನಾಶಕ ಸೇರಿದೆಯೇ ಎಂದು ಇದು ಹೇಳುತ್ತದಂತೆ.

"ಈ ಕಪ್ಪು ಏನು ಮೇಡಂ, ಮಸಿನಾ?" ಎಂದು ಪುಟ್ಟಲಕ್ಷ್ಮಿ ಕೇಳಿದಳು.

"ಮಸಿಯ ಜಾತಿಯೇ ಅನ್ಕೊಳ್ಳಿ, ಇಂಗಾಲ. ಆದರೆ ಒಂದೊಂದು ಎಳೆಯೂ ಒಂದು ಕೊಳವೆ. ನಿಮ್ಮ ತಲೆಕೂದಲನ್ನ ಸಾವಿರಾರು ಸೀಳು ಮಾಡಿದರೆ ಒಂದು ಸೀಳು ಎಷ್ಟಿರುತ್ತೋ ಅಷ್ಟು ಸಣ್ಣ. ಅದರ ಮೇಲೆ ಒಂದು ಪ್ರೋಟೀನ್ ಕೂರಿಸಿದ್ದೀವಿ. ನಮ್ಮ ನರಗಳಲ್ಲಿ ಕೆಲಸ ಮಾಡೋದೂ ಅದೇ. ಅದು ಚೆನ್ನಾಗಿದ್ದರೆ ಕರೆಂಟ್ ಹುಟ್ಟುತ್ತೆ, ಇಂಗಾಲ ಅದನ್ನ ಪೆಟ್ಟಿಗೆಗೆ ತಲುಪಿಸುತ್ತೆ, ನೂರರ ಹತ್ತಿರ ಅಂಕಿ ಬರುತ್ತೆ. ಕೀಟನಾಶಕ ಸೋಕಿದರೆ ಆ ಪ್ರೋಟೀನ್ ಕಟ್ಟಿಹೋಗುತ್ತೆ. ಅಂಕಿ ಬೀಳುತ್ತೆ. ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಅನುಮಾನ ಪಡಬೇಕು."

"ಅಂದ್ರೆ ಅದು ಸತ್ತೋದ್ರೆ ನಮಗೆ ಗೊತ್ತಾಯ್ತದೆ."

"ಸರಿಯಾಗಿ ಹೇಳಿದ್ರಿ" ಎಂದು ಪವಿತ್ರಾ ನಕ್ಕಳು.

ಕೆಲಸ ಕಷ್ಟದ್ದೇನಲ್ಲ. ದಿನಾ ಬೆಳಿಗ್ಗೆ ಐದು ಮನೆಯ ಹಾಲು. ಹಾಲಿನ ಹನಿಗೆ ಪಟ್ಟಿಯ ತುದಿ ಮುಟ್ಟಿಸಿ ಹತ್ತು ನಿಮಿಷ ಬಿಡಬೇಕು, ಸೀಸೆಯ ದ್ರಾವಣ ಒಂದು ತೊಟ್ಟು ಹಾಕಬೇಕು, ಪೆಟ್ಟಿಗೆಗೆ ಸಿಕ್ಕಿಸಿ ಅಂಕಿ ಬರೆದುಕೊಳ್ಳಬೇಕು. ಪಟ್ಟಿಗಳು ತಣ್ಣಗಿರಬೇಕು, ಸೆಕ್ರೆಟರಿ ಶಿವನಂಜಪ್ಪನ ಮನೆಯ ಫ್ರಿಜ್ಜಿನಲ್ಲಿ ಜಾಗವಾಯಿತು. ಇದಿನ್ನೂ ಪ್ರಯೋಗ, ಅಂಕಿಯನ್ನು ಯಾರಿಗೂ ಹೇಳಕೂಡದು ಎಂದು ಪವಿತ್ರಾ ಎರಡೆರಡು ಸಲ ಹೇಳಿದಳು. ಹನಿ ಹಾಕಲು ರಬ್ಬರ್ ತಲೆಯ ಒಂದು ಗಾಜಿನ ನಳಿಗೆಯನ್ನೂ ಕೊಟ್ಟುಹೋದಳು.

ಆ ನಳಿಗೆ ಪುಟ್ಟಲಕ್ಷ್ಮಿಗೆ ಒಗ್ಗಲಿಲ್ಲ. ಒತ್ತಿದರೆ ಗುಳ್ಳೆ ಬರುತ್ತಿತ್ತು, ಇಲ್ಲದಿದ್ದರೆ ಒಂದರ ಬದಲು ಮೂರು ಹನಿ. ಮೂರು ದಿನ ಸೈರಿಸಿಕೊಂಡಳು. ನಾಲ್ಕನೆಯ ದಿನ ಅವಳ ಹಳೇ ಬುದ್ಧಿ ಮುಂದೆ ಬಂತು. ಹೇಗೂ ಉಗುರಿನ ಮೇಲೆ ಹನಿ ಬಿಟ್ಟು ನೋಡುತ್ತೇನಲ್ಲ, ಅದಕ್ಕೇ ಪಟ್ಟಿ ಮುಟ್ಟಿಸಿದರೆ ಆಯಿತು. ಪಟ್ಟಿ ಹನಿಯನ್ನು ಚಕ್ಕನೆ ಹೀರಿಕೊಂಡಿತು. ಎಷ್ಟು ಅಚ್ಚುಕಟ್ಟು! ನಳಿಗೆಯನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿಟ್ಟಳು. ಅಷ್ಟು ನಿಯತ್ತಿನ ಹೆಂಗಸು ಈ ಒಂದು ವಿಷಯದಲ್ಲಿ ಹೇಳಿಕೊಟ್ಟದ್ದನ್ನು ಮೀರಿದಳು. ಅದನ್ನು ತಪ್ಪು ಅಂದುಕೊಳ್ಳಲಿಲ್ಲ, ತನ್ನ ಕಸುಬುದಾರಿಕೆ ಅಂದುಕೊಂಡಳು.

ಒಂದು ತಿಂಗಳು ಎಲ್ಲರ ಅಂಕಿಯೂ ತೊಂಬತ್ತರ ಮೇಲೆ. ಪುಟ್ಟಲಕ್ಷ್ಮಿಗೆ ಬೇಸರವೇ ಬಂತು.

ಅಷ್ಟರಲ್ಲಿ ಹೊಗೆಸೊಪ್ಪಿನ ಸಸಿ ಮಾಡುವ ಕಾಲ. ಆ ವರ್ಷ ಲಿಂಗರಾಜು ಮಾರುವುದಕ್ಕೂ ಸೇರಿಸಿ ಅರವತ್ತು ಸಸಿಮಡಿ ಬಿತ್ತಿದ್ದ. ಹೊಗೆಸೊಪ್ಪಿನ ಬೀಜ ದೂಳಿನಂತೆ ಇರುತ್ತದೆ. ಇರುವೆಗಳು ಹೊತ್ತುಕೊಂಡು ಹೋಗುತ್ತವೆ, ಉಳಿದ ಮೊಳಕೆಯನ್ನು ಹುಳು ಕಡಿಯುತ್ತದೆ. ಅದಕ್ಕೆ ಹರಳು ಔಷಧಿ. ನೇರಳೆ ಬಣ್ಣದ ಸಣ್ಣ ಹರಳನ್ನು ಮರಳಿನ ಜೊತೆ ಕಲಸಿ ಮಡಿಗೆ ಎರಚುವುದು. ಹತ್ತು ಮಡಿಯಂತೆ ದಿನಾ ಬೆಳಿಗ್ಗೆ. ಎರಚುವ ಕೆಲಸ ಪುಟ್ಟಲಕ್ಷ್ಮಿಯದು, ಏಕೆಂದರೆ ಅವಳ ಕೈ ಸಮ. ಬೆಳಕು ಹರಿಯುವ ಮುಂಚೆ ಮಡಿಯ ಹತ್ತಿರ ಹೋಗಿ, ಎರಚಿ, ಅಲ್ಲೇ ಇದ್ದ ಬಕೀಟಿನ ನೀರಿನಲ್ಲಿ ಕೈ ಅದ್ದಿ, ಸೆರಗಿಗೆ ಒರೆಸಿಕೊಂಡು ಮನೆಗೆ ಓಡಿಬರುವಳು. ಅನುವನ್ನು ಎಬ್ಬಿಸಿ ಹಾಲು ಅನ್ನ ಉಣಿಸಿ ಆರೂವರೆಗೆ ಡೈರಿಗೆ ಓಡುವಳು. ಔಷಧಿ ಎರಚುವ ಕೈಗೆ ಏನಾದರೂ ಕಟ್ಟಿಕೊಳ್ಳಬೇಕು ಎಂದು ಆ ಊರಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ. "ಇಪ್ಪತ್ ವರ್ಷದಿಂದ ಇದೇ ಕೈಲಿ ಎರಚಿ ಇದೇ ಕೈಲಿ ಬೀಡಿ ಸೇದಿವ್ನಿ, ಏನಾಯ್ತು?" ಎನ್ನುತ್ತಿದ್ದ ಲಿಂಗರಾಜು.

ಔಷಧಿ ಎರಚಲು ಶುರುಮಾಡಿದ ಮೊದಲ ದಿನವೇ ಪೆಟ್ಟಿಗೆಯಲ್ಲಿ ನಲವತ್ತೊಂದು ಬಂತು.

ಪುಟ್ಟಲಕ್ಷ್ಮಿ ಪೆಟ್ಟಿಗೆಯನ್ನು ತಟ್ಟಿ ನೋಡಿದಳು. ನಲವತ್ತೊಂದೇ. ಅದು ಚಿಕ್ಕಸಿದ್ದಮ್ಮನ ಹಾಲು. ಐವತ್ತು ದಾಟಿದ ವಿಧವೆ, ತುಂಡು ನೆಲವಿಲ್ಲ, ಒಂದು ಹಸು. ಗಾವಡಗೆರೆಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನಡೆದು ಹೋಗಬೇಕಾದ್ದರಿಂದ ಡೈರಿ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ದಿನಾ ಮೊದಲ ಚೊಂಬು ಅವಳದೇ. ಎರಡನೆಯ ಮನೆಯದು ಎಂಬತ್ತರ ಆಸುಪಾಸು ಬಂತು, ಆಮೇಲಿನವು ಎಂದಿನಂತೆ ತೊಂಬತ್ತರ ಮೇಲೆ. ಪುಟ್ಟಲಕ್ಷ್ಮಿ ಪುಸ್ತಕದಲ್ಲಿ ಬರೆದುಕೊಂಡಳು.

ಅವತ್ತು ಎಂಟು ಗಂಟೆಗೆ ಮನೆಗೆ ಹೋದರೆ ಅನು ಅಪ್ಪನ ತೊಡೆಯ ಮೇಲೆ ಮುದುರಿಕೊಂಡಿದ್ದಳು. ಉಂಡದ್ದನ್ನೆಲ್ಲ ಕಕ್ಕಿದ್ದಳು. ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು, ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು. ಗಾವಡಗೆರೆಗೆ ಎತ್ತಿಕೊಂಡು ಹೋದರು. ಜಂತುಹುಳ ಎಂದು ಔಷಧಿ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮಗು ಎದ್ದು ಕೂತು ಆಡತೊಡಗಿತು. ಸದ್ಯ ಎಂದು ಇಬ್ಬರೂ ಉಸಿರು ಬಿಟ್ಟರು.

ಮಾರನೆಯ ದಿನ ಮತ್ತೆ ಅದೇ. ಅದರ ಮಾರನೆಯ ದಿನವೂ ಅದೇ. ಬೆಳಿಗ್ಗೆ ಏಳು ಗಂಟೆಗೆ ವಾಂತಿ, ಜೊಲ್ಲು, ಬೆವರು. ಮಧ್ಯಾಹ್ನಕ್ಕೆ ತಾನಾಗಿ ಇಳಿಯುತ್ತಿತ್ತು. ಲಿಂಗರಾಜು ದೃಷ್ಟಿ ತೆಗೆಸಿದ. ಮಗುವಿನ ಕೆನ್ನೆ ಬತ್ತಿತು. ಪುಟ್ಟಲಕ್ಷ್ಮಿಗೂ ತಲೆ ಭಾರ, ಬಾಯಿ ನೀರೂರುವುದು. ಮಗುವಿನ ಚಿಂತೆಯಲ್ಲಿ ತನ್ನದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಪುಸ್ತಕದಲ್ಲಿ ಚಿಕ್ಕಸಿದ್ದಮ್ಮನ ಹೆಸರಿನ ಮುಂದೆ ನಲವತ್ತೊಂದರ ಕೆಳಗೆ ಮೂವತ್ತೆಂಟು, ಅದರ ಕೆಳಗೆ ನಲವತ್ನಾಲ್ಕು.

ನಾಲ್ಕನೆಯ ದಿನ ಅನ್ನ ಕಲಸುತ್ತಿದ್ದಾಗ ಅವಳ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು. ಅತ್ತೆ ಸತ್ತ ಮೇಲೆ ಅವರ ಮನೆಯಲ್ಲಿ ಹಾಲು ಕರೆಯುವ ಹಸು ಇರಲಿಲ್ಲ. ಅನುಗೆಂದು ದಿನಾ ಸಂಜೆ ಅರ್ಧ ಲೀಟರ್ ಹಾಲು ತರುತ್ತಿದ್ದದ್ದು ಯಾರ ಮನೆಯಿಂದ? ಚಿಕ್ಕಸಿದ್ದಮ್ಮನ ಮನೆಯಿಂದಲೇ. ಪೆಟ್ಟಿಗೆ ದಿನಾ ವಿಷ ಎಂದು ಬೊಬ್ಬೆ ಹೊಡೆಯುತ್ತಿದ್ದ ಆ ಹಾಲನ್ನೇ ತಾನು ದಿನಾ ಬೆಳಿಗ್ಗೆ ಅನ್ನಕ್ಕೆ ಸುರಿದು ಮಗಳ ಬಾಯಿಗೆ ಇಡುತ್ತಿದ್ದೇನೆ! ತಟ್ಟೆಯನ್ನು ಎತ್ತಿ ತಿಪ್ಪೆಗೆ ಎಸೆದಳು. ಅಷ್ಟರಲ್ಲಿ ಅನು ಎರಡು ತುತ್ತು ನುಂಗಿಯಾಗಿತ್ತು. ಅವತ್ತೂ ಕಕ್ಕಿದಳು.

ವಿಷ ಹಾಲಿಗೆ ಹೇಗೆ ಬಂತು ಎನ್ನುವುದಕ್ಕೆ ಅವಳಿಗೆ ಉತ್ತರ ಹುಡುಕಬೇಕಾಗಲಿಲ್ಲ. ದನದ ಮೈಯ ಉಣ್ಣೆ ಸಾಯಲಿ ಎಂದು ಬೆಳೆಗೆ ಹೊಡೆಯುವ ಔಷಧಿಯನ್ನೇ ಬಟ್ಟೆಯಲ್ಲಿ ಅದ್ದಿ ಹಸುವಿಗೆ ಸವರುವವರನ್ನು ಅವಳು ಕಂಡಿದ್ದಳು. ಈ ಮುದುಕಿಯೂ ಸವರಿದ್ದಾಳೆ, ಸಂಶಯವೇ ಇಲ್ಲ. ಯಾರಿಗೂ ಹೇಳಬೇಡಿ ಎಂದ ಪವಿತ್ರಾಳ ಮಾತು ನೆನಪಿಗೆ ಬಂತು. ಆದರೆ ಪವಿತ್ರಾಗೆ ಮಗುವಿಲ್ಲ. ಪುಟ್ಟಲಕ್ಷ್ಮಿ ನೆಟ್ಟಗೆ ಸೆಕ್ರೆಟರಿ ಮನೆಗೆ ಹೋಗಿ ಪುಸ್ತಕ ಬಿಚ್ಚಿ ತೋರಿಸಿದಳು.

ಶಿವನಂಜಪ್ಪ ಒಳ್ಳೆಯ ಮನುಷ್ಯ, ಆದರೆ ಪುಕ್ಕಲ. "ಅಯ್ಯಯ್ಯೋ, ಒಂದ್ ಚೊಂಬಿಂದ ಕ್ಯಾನೇ ಕೆಟ್ರೆ ಡೈರಿ ಮುಚ್ಚಿಸ್ಬುಟ್ಟಾರು. ನಾಳೆಯಿಂದ ಅವಳ ಆಲು ಬ್ಯಾಡ" ಎಂದು ಅಲ್ಲೇ ತೀರ್ಮಾನ ಮಾಡಿದ.

ಮಾರನೆಯ ಬೆಳಿಗ್ಗೆ ಮಡಿಗೆ ಲಿಂಗರಾಜುವನ್ನೇ ಕಳಿಸಿ ಪುಟ್ಟಲಕ್ಷ್ಮಿ ನೆಟ್ಟಗೆ ಡೈರಿಗೆ ಬಂದಳು. ಚಿಕ್ಕಸಿದ್ದಮ್ಮ ಚೊಂಬು ನೀಡಿದಳು. ಪುಟ್ಟಲಕ್ಷ್ಮಿ ಕೈ ನೀಡಲಿಲ್ಲ.

"ಏನಮ್ಮೀ, ಇಡ್ಕೊ. ಒತ್ತಾಯ್ತದೆ ನಂಗೆ."

"ನಿನ್ನಾಲು ತಗೊಳಲ್ಲ ಸಿದ್ದಕ್ಕ."

"ಯಾಕೆ? ನೀರಾಕಿವ್ನಾ? ಬುಟ್ಟು ನೋಡು ನಿನ್ ಉಗುರ್ ಮ್ಯಾಲೆ."

"ನೀರಾಕಿದ್ರೆ ಸುಮ್ನಿರ್ತಿದ್ದೆ. ವಿಷ ಅದೆ ಅದ್ರಲ್ಲಿ. ಅಸೀಗೆ ಏನ್ ಸವರ್ದೆ ಏಳು. ನಿನ್ ಆಲು ಕುಡ್ದು ನನ್ ಕೂಸು ನಾಲ್ಕ್ ದಿನ ಕಕ್ತಾ ಬಿದ್ದಿತ್ತು!"

ಸಾಲಿನಲ್ಲಿ ನಿಂತಿದ್ದವರು ಮುಂದಕ್ಕೆ ಬಗ್ಗಿ ನೋಡಿದರು. ಚಿಕ್ಕಸಿದ್ದಮ್ಮ ಮೊದಲು ನಕ್ಕಳು, ಆಮೇಲೆ ಪುಟ್ಟಲಕ್ಷ್ಮಿಯ ಮುಖ ನೋಡಿ ನಗು ನಿಲ್ಲಿಸಿದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಇಲ್ಲ ಎನ್ನಲಿಲ್ಲ. ಇಪ್ಪತ್ತು ವರ್ಷದ ನೆರೆಯವರು, ಒಬ್ಬರಾದರೂ "ಅವಳು ಅಂಥವಳಲ್ಲ" ಎನ್ನಬಹುದಿತ್ತು. ಎಲ್ಲರೂ ತಮ್ಮ ತಮ್ಮ ಚೊಂಬನ್ನು ನೋಡಿಕೊಂಡರು.

"ನಾನು ಏನೂ ಸವರಿಲ್ಲ" ಎಂದಳು ಚಿಕ್ಕಸಿದ್ದಮ್ಮ. ಚೊಂಬನ್ನು ಎತ್ತಿ ಬಾಯಿಗಿಟ್ಟಳು. ಹಸಿಹಾಲು, ಎರಡು ಲೀಟರ್ ಮೇಲಿತ್ತು. ಗಟಗಟನೆ ಕುಡಿದಳು, ಗಲ್ಲದ ಮೇಲೆ, ಕುತ್ತಿಗೆಯ ಮೇಲೆ, ರವಿಕೆಯ ಮೇಲೆ ಹಾಲು ಇಳಿಯಿತು. ಅರ್ಧ ಕುಡಿದು ಉಳಿದದ್ದನ್ನು ಮೆಟ್ಟಿಲ ಮೇಲೆ ಸುರಿದಳು. "ಸತ್ರೆ ಸಾಯ್ತೀನಿ, ಬುಡು. ಸಾಯ್ದಿದ್ರೆ ಆಗ ಮಾತಾಡ್ಕೊಳನ" ಎಂದು ಶಾಲೆಯ ದಾರಿ ಹಿಡಿದಳು.

ಸಂಜೆ ಅವಳು ಎಂದಿನಂತೆ ನಡೆದು ವಾಪಸು ಬಂದದ್ದನ್ನು ಎಲ್ಲರೂ ಕಂಡರು. ಪುಟ್ಟಲಕ್ಷ್ಮಿಯೂ ಕಂಡಳು. ದೊಡ್ಡವರ ಮೈ ತಡೆಯುತ್ತದೆ, ಕೂಸಿನ ಮೈ ತಡೆಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಯುಗಾದಿ, ಅದರ ಮರುದಿನ ಹೊಸತೊಡಕು. ಎರಡು ದಿನ ಯಾರೂ ಮಡಿಯ ಕಡೆ ಹೋಗಲಿಲ್ಲ. ಪುಟ್ಟಲಕ್ಷ್ಮಿ ಎಣ್ಣೆ ಹಚ್ಚಿಕೊಂಡು ಸೀಗೆಪುಡಿ ಹಾಕಿ ತಲೆಗೆ ನೀರು ಹಾಕಿಕೊಂಡಳು, ಮಗುವಿಗೂ ಹಾಕಿದಳು. ಹಾಲು ನಿಲ್ಲಿಸಿದ್ದಾಗಿತ್ತು. ಅನು ಎರಡು ದಿನವೂ ಒಂದು ಹನಿ ಕಕ್ಕಲಿಲ್ಲ. ಹೋಳಿಗೆ ತಿಂದಳು, ಬೇವು ಬೆಲ್ಲದಲ್ಲಿ ಬೆಲ್ಲ ಮಾತ್ರ ಆರಿಸಿ ತಿಂದು ಅಪ್ಪನ ಹತ್ತಿರ ಬೈಸಿಕೊಂಡಳು. ಪುಟ್ಟಲಕ್ಷ್ಮಿಗೆ ಇನ್ನೇನು ಬೇಕು? ತಾನು ಅಂದದ್ದೇ ನಿಜವಾಯಿತಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು. "ನೋಡಿದ್ರಾ, ಆಲು ಬುಡಿಸ್ದೆ, ಕೂಸು ಉಳೀತು" ಎಂದು ಗಂಡನಿಗೆ ಹೇಳಿದಳು.

ಮೂರನೆಯ ದಿನ ಮತ್ತೆ ಮಡಿ. ಎರಡು ದಿನದ ಬಾಕಿಯೂ ಸೇರಿ ಮೂವತ್ತು ಮಡಿಗೆ ಎರಚಿದಳು. ಹೊತ್ತಾಗಿತ್ತು, ಬಕೀಟು ಖಾಲಿಯಾಗಿತ್ತು. ಕೈಯನ್ನು ಸೆರಗಿಗೆ ಮಾತ್ರ ಒರೆಸಿಕೊಂಡು ಓಡಿಬಂದಳು. ಅನುಗೆ ಬಿಸಿ ಅನ್ನಕ್ಕೆ ಬೇಳೆಸಾರು ಕಲಸಿ ಉಣಿಸಿದಳು. ಮಗು ತಟ್ಟೆ ಖಾಲಿ ಮಾಡಿದ್ದನ್ನು ಕಂಡು ಕೆನ್ನೆ ಚಿವುಟಿ, ಡೈರಿಗೆ ಹೋದಳು.

ಮೆಟ್ಟಿಲ ಮೇಲೆ ಅವತ್ತು ಯಾರೂ ಕೂತಿರಲಿಲ್ಲ. ಮೊದಲ ಚೊಂಬು ಶಿವನಂಜಪ್ಪನ ಮನೆಯದು, ಅವನೇ ತಂದಿದ್ದ. ಉಗುರಿನ ಮೇಲೆ ಹನಿ ನಿಂತಿತು, ಒಳ್ಳೆಯ ಹಾಲು. ಪಟ್ಟಿ ಮುಟ್ಟಿಸಿದಳು, ಹತ್ತು ನಿಮಿಷ ಬಿಟ್ಟಳು, ಪೆಟ್ಟಿಗೆಗೆ ಸಿಕ್ಕಿಸಿದಳು.

ಇಪ್ಪತ್ತೊಂಬತ್ತು.

"ಎಷ್ಟಮ್ಮಾ?" ಎಂದ ಶಿವನಂಜಪ್ಪ. ಅವಳು ಪೆಟ್ಟಿಗೆಯನ್ನೇ ಅವನ ಕಡೆ ತಿರುಗಿಸಿದಳು. ಅವನ ಮುಖ ಕಪ್ಪಿಟ್ಟಿತು. "ನಮ್ಮನೆ ಆಲಾ? ಮಿಷನ್ ಕೆಟ್ಟದೆ ಕಣಮ್ಮ! ನಮ್ಮನೇಲಿ ಉಣ್ಣೆಗಿಣ್ಣೆಗೆ ಏನೂ ಆಕಲ್ಲ, ದೇವ್ರಾಣೆ!"

"ಸಿದ್ದಕ್ಕನೂ ಅಂಗೇ ಅಂದ್ಲು" ಎಂದು ಸಾಲಿನಲ್ಲಿ ಯಾರೋ ಗೊಣಗಿದರು.

ಪುಟ್ಟಲಕ್ಷ್ಮಿ ಅದೇ ಚೊಂಬಿನಿಂದ ಇನ್ನೊಂದು ಹನಿ ಉಗುರಿನ ಮೇಲೆ ಬಿಟ್ಟು ಇನ್ನೊಂದು ಪಟ್ಟಿ ಮುಟ್ಟಿಸಿದಳು. ಹನಿಯನ್ನು ಒರೆಸಿ ಮತ್ತೊಂದು ಹನಿ, ಮತ್ತೊಂದು ಪಟ್ಟಿ. ಹತ್ತು ನಿಮಿಷ. ಸಾಲು ಬೆಳೆಯುತ್ತಿತ್ತು, ಜನ ಕೂಗುತ್ತಿದ್ದರು. ಎರಡನೆಯದು ಅರವತ್ತೆಂಟು. ಮೂರನೆಯದು ಎಂಬತ್ತೇಳು. ಒಂದೇ ಚೊಂಬು, ಒಂದೇ ಹಾಲು, ಅಂಕಿ ಮೂರು. ಹಾಲಿನಲ್ಲಿ ವಿಷವಿದ್ದರೆ ಮೂರೂ ಹನಿಯಲ್ಲಿ ಇರಬೇಕು. ಹನಿಯಿಂದ ಹನಿಗೆ ಕಡಿಮೆಯಾಗುತ್ತಿದೆಯೆಂದರೆ ಹಾಲು ಏನನ್ನೋ ತೊಳೆಯುತ್ತಿದೆ. ಏನನ್ನು?

ಅವಳು ಕೈಯನ್ನು ನೋಡಿಕೊಳ್ಳಲಿಲ್ಲ. ನೋಡಿಕೊಳ್ಳಲು ಧೈರ್ಯವಿರಲಿಲ್ಲ. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನಳಿಗೆ ತೆಗೆದು, ಕುಡಿಯುವ ನೀರಿನ ಬಿಂದಿಗೆಯಿಂದ ಒಂದು ಹನಿಯನ್ನು ನೇರವಾಗಿ ಪಟ್ಟಿಗೆ ಹಾಕಿದಳು. ಅದೇ ನೀರಿನ ಇನ್ನೊಂದು ಹನಿಯನ್ನು ತೋರುಬೆರಳಿನ ತುದಿಗೆ ಬಿಟ್ಟುಕೊಂಡು ಇನ್ನೊಂದು ಪಟ್ಟಿ ಮುಟ್ಟಿಸಿದಳು. ಗಡಿಯಾರ ನೋಡುತ್ತಾ ಕೂತಳು. "ಏನ್ ನೀರಿಗೆಲ್ಲಾ ಟೆಸ್ಟು?" ಎಂದು ಯಾರೋ ನಕ್ಕರು. ಶಿವನಂಜಪ್ಪ ನಗಲಿಲ್ಲ, ಅವಳ ಹಣೆಯ ಮೇಲೆ ಬೆವರು ಹನಿ ಕಟ್ಟಿದ್ದನ್ನು ಅವನು ಕಂಡಿದ್ದ.

ನಳಿಗೆಯ ನೀರು ತೊಂಬತ್ತಾರು. ಬೆರಳಿನ ನೀರು ಹದಿನೇಳು.

ಪೆಟ್ಟಿಗೆ ಕೆಟ್ಟಿರಲಿಲ್ಲ. ಪಟ್ಟಿ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಮಡಿಯಿಂದ ಬಂದ ಅವಳ ಉಗುರನ್ನು ದಿನಾ ಮೊದಲು ಮುಟ್ಟುತ್ತಿದ್ದ ಹಾಲು ಚಿಕ್ಕಸಿದ್ದಮ್ಮನದು, ಅಷ್ಟೇ. ಅಲ್ಲ, ಅಷ್ಟೇ ಅಲ್ಲ. ಡೈರಿಯ ಹಾಲು ಮುಟ್ಟುವ ಮುಂಚೆ ಈ ಬೆರಳು ದಿನಾ ಮಗಳ ಬಾಯಿಗೆ ಹೋಗಿ ಬರುತ್ತಿತ್ತಲ್ಲ. ಇವತ್ತು ನೀರಿನಲ್ಲಿ ಕೂಡ ಅದ್ದದೆ.

ಕುರ್ಚಿ ಉರುಳಿದ್ದು ಅವಳಿಗೆ ಗೊತ್ತಾಗಲಿಲ್ಲ. ಸಾಲನ್ನು ಸೀಳಿಕೊಂಡು ಓಡಿದಳು. ದಾರಿಯಲ್ಲೇ ಲಿಂಗರಾಜು ಎದುರಾದ, ಮಗುವನ್ನು ಭುಜದ ಮೇಲೆ ಹಾಕಿಕೊಂಡು ಅವನೂ ಓಡಿಬರುತ್ತಿದ್ದ. ಅನುವಿನ ತಲೆ ಜೋತಿತ್ತು. ಬಾಯಿಂದ ನೊರೆಯಂಥ ಜೊಲ್ಲು ಅಪ್ಪನ ಬೆನ್ನ ಮೇಲೆ ಇಳಿಯುತ್ತಿತ್ತು, ಉಸಿರಾಡಿದರೆ ಗೊರಗೊರ ಸದ್ದು. ಕಣ್ಣು ಬಿಡಿಸಿ ನೋಡಿದರೆ ಕಪ್ಪು ಗುಡ್ಡೆ ಸಾಸಿವೆ ಕಾಳಿನಷ್ಟಾಗಿತ್ತು.

"ಎತ್ಕೊಳಮ್ಮೀ, ಇಡ್ಕೊ!" ಎಂದ ಲಿಂಗರಾಜು.

ಅವಳು ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು. "ನಾ ಮುಟ್ಟಲ್ಲ, ನೀವೇ ಇಡ್ಕೊಳಿ! ಅರಳ್ ಔಷಧಿ ಪೊಟ್ಣ ಎಲ್ಲಿ ಅದೆ?"

ಲಿಂಗರಾಜುವಿಗೆ ಅರ್ಥವಾಗಲಿಲ್ಲ, ಆದರೂ ಅಂಗಿಯ ಜೇಬಿನಲ್ಲಿದೆ ಎಂದು ತೋರಿಸಿದ. ಅಷ್ಟರಲ್ಲಿ ಕ್ಯಾನುಗಳನ್ನು ಒಯ್ಯುವ ಹಾಲಿನ ವ್ಯಾನು ಡೈರಿ ಮುಂದೆ ಬಂದು ನಿಂತಿತು. ಪುಕ್ಕಲ ಶಿವನಂಜಪ್ಪ ಅವತ್ತು ಗಂಡಸಾದ. ಕ್ಯಾನು ಏರಿಸಲು ಬಂದವರನ್ನು ಪಕ್ಕಕ್ಕೆ ತಳ್ಳಿ, "ಆಲು ಕೆಟ್ರೆ ಕೆಡ್ಲಿ, ನಾನ್ ಏಳ್ಕೊತೀನಿ. ಉಣ್ಸೂರ್ ಆಸ್ಪತ್ರೆಗೆ ಓಡ್ಸಲಾ ಮೊದ್ಲು!" ಎಂದು ಡ್ರೈವರನಿಗೆ ಕೂಗಿದ.

ಹುಣಸೂರಿನ ದಾರಿ ಅಷ್ಟು ಉದ್ದ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಲಿಂಗರಾಜುವಿನ ತೊಡೆಯ ಮೇಲೆ ಮಗು, ಪಕ್ಕದಲ್ಲಿ ತಾಯಿ, ತಾಯಿಯ ಎರಡೂ ಕೈ ಕಂಕುಳಲ್ಲಿ. ಮಗುವಿನ ಉಸಿರು ನಡುನಡುವೆ ನಿಲ್ಲುತ್ತಿತ್ತು. ನಿಂತಾಗೆಲ್ಲ ಅವಳು ಎಣಿಸುತ್ತಿದ್ದಳು, ಒಂದು, ಎರಡು, ಮೂರು. ನಾಲ್ಕಕ್ಕೆ ಮತ್ತೆ ಗೊರ ಎನ್ನುತ್ತಿತ್ತು. ಒಮ್ಮೆ ಏಳರವರೆಗೆ ಎಣಿಸಿದಳು. ಮುಟ್ಟಿ ಅಲುಗಿಸಬೇಕೆಂದು ಕೈ ಹಾರಿತು, ಹಲ್ಲು ಕಚ್ಚಿ ತಡೆದುಕೊಂಡಳು.

ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು, "ಮಗು ಏನು ಕುಡಿದಿದೆ? ಬೇಗ ಹೇಳಿ" ಎಂದರು.

"ಜಂತುಹುಳ ಅಂತ..." ಎಂದು ಲಿಂಗರಾಜು ಶುರುಮಾಡಿದ.

"ಅಲ್ಲ ಸಾರ್" ಎಂದಳು ಪುಟ್ಟಲಕ್ಷ್ಮಿ. "ಒಗೆಸೊಪ್ಪಿನ ಮಡಿಗೆ ಎರಚೋ ಅರಳ್ ಔಷಧಿ. ನನ್ ಕೈಲಿತ್ತು. ಅದೇ ಕೈಲಿ ನಾನೇ ಉಣ್ಸ್ದೆ." ಗಂಡನ ಜೇಬಿನಿಂದ ಪೊಟ್ಟಣ ತೆಗೆಸಿ ತೋರಿಸಿದಳು. ಡಾಕ್ಟರು ಅದನ್ನು ಓದಿದವರೇ ನರ್ಸಿಗೆ ಇಂಜೆಕ್ಷನ್ ಹೆಸರು ಕೂಗಿದರು. ಒಂದು ಕೊಟ್ಟರು, ಕಾದರು, ಇನ್ನೊಂದು ಕೊಟ್ಟರು. ಮಗುವಿನ ಬಟ್ಟೆ ಬಿಚ್ಚಿ ಸೋಪು ಹಾಕಿ ಮೈ ತೊಳೆದರು. ಮೂರನೆಯ ಇಂಜೆಕ್ಷನ್ನಿಗೆ ಜೊಲ್ಲು ನಿಂತಿತು, ಮುಖ ಕೆಂಪಗಾಯಿತು, ಎದೆಯ ಗೊರಗೊರ ಇಳಿಯಿತು. ಏನು ಔಷಧಿ ಎಂದು ನೀವು ಬಾಯಿಬಿಟ್ಟು ಹೇಳಿದ್ದರಿಂದ ಬದುಕಿತು, ಹುಳ ಎಂದುಕೊಂಡು ಕೂತಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಪುಟ್ಟಲಕ್ಷ್ಮಿ ಆಸ್ಪತ್ರೆಯ ನಲ್ಲಿಯ ಕೆಳಗೆ ಕೂತು, ಚರ್ಮ ಉರಿಯುವವರೆಗೆ ಕೈ ಉಜ್ಜಿದಳು. ಉಜ್ಜುತ್ತಾ ಅತ್ತಳು.

ಮೂರು ದಿನ ಕಳೆದು ಮಗುವನ್ನು ಮನೆಗೆ ಕರೆತಂದರು. ನಾಲ್ಕನೆಯ ಬೆಳಿಗ್ಗೆ ಪವಿತ್ರಾ ಡೈರಿಗೆ ಬಂದಳು. ವಿಷಯ ಕೇಳಿ ಅವಳ ಮುಖ ಬಿಳುಪೇರಿತ್ತು. ಪುಸ್ತಕದಲ್ಲಿ ಚಿಕ್ಕಸಿದ್ದಮ್ಮನ ಅಂಕಿಗಳನ್ನು ನೋಡಿ, "ಇವು ತಪ್ಪು ಅಂಕಿಗಳು, ಹೊಡೆದುಹಾಕ್ತೀನಿ" ಎಂದು ಪೆನ್ನು ತೆಗೆದಳು.

"ಒಡೀಬ್ಯಾಡಿ ಮೇಡಂ" ಎಂದಳು ಪುಟ್ಟಲಕ್ಷ್ಮಿ. "ಅಂಕಿ ಸರಿಯಾಗೇ ಅವೆ. ಎಸರು ತಪ್ಪು. ಸಿದ್ದಕ್ಕನ ಎಸರು ಒಡ್ದು ನನ್ ಎಸರು ಬರೀರಿ."

ಶಿವನಂಜಪ್ಪ ಹೇಳಿಕಳಿಸಿದ್ದರಿಂದ ಚಿಕ್ಕಸಿದ್ದಮ್ಮ ಬಂದು ಬಾಗಿಲ ಬಳಿ ನಿಂತಿದ್ದಳು. ಈ ಮಾತು ಕೇಳಿ ಒಳಗೆ ಬಂದಳು. "ಇವಳೊಬ್ಬಳ ಕೈನೇ ಯಾಕೆ? ಅವತ್ತು ಸಾಲಲ್ಲಿ ನಿಂತಿದ್ದೋರು ಎಲ್ಲಾರ್ದೂ ಒತ್ಸಿ ಆ ಮಿಷನ್ಗೆ. ನನ್ದೂ ಸೇರಿ."

ಪವಿತ್ರಾಳ ಡಬ್ಬಿಯಲ್ಲಿ ಹದಿನೆಂಟು ಪಟ್ಟಿಗಳಿದ್ದವು. ಹದಿನೆಂಟು ಹೆಂಗಸರು ಸಾಲಾಗಿ ಕೈ ಚಾಚಿದರು. ಹೆಚ್ಚಿನವರು ಮಡಿಯಿಂದ ನೆಟ್ಟಗೆ ಬಂದವರು. ಪವಿತ್ರಾ ಒಬ್ಬೊಬ್ಬರ ಬೆರಳ ತುದಿಗೂ ನಳಿಗೆಯಿಂದ ಒಂದೊಂದು ಹನಿ ನೀರು ಬಿಟ್ಟು ಪಟ್ಟಿ ಮುಟ್ಟಿಸಿದಳು. ಮೊದಮೊದಲು ತಮಾಷೆ ಮಾಡುತ್ತಿದ್ದರು. ಇಪ್ಪತ್ತಾರು, ಮೂವತ್ತೊಂದು, ನಲವತ್ತು, ಹತ್ತೊಂಬತ್ತು ಎಂದು ಪವಿತ್ರಾ ಓದುತ್ತಾ ಹೋದಂತೆ ತಮಾಷೆ ಅಡಗಿತು. ಕಂಕುಳಲ್ಲಿ ಕೂಸಿದ್ದವಳೊಬ್ಬಳು ಕೂಸನ್ನು ಮೆಲ್ಲಗೆ ನೆಲಕ್ಕೆ ಇಳಿಸಿದಳು. ತೊಂಬತ್ತು ದಾಟಿದ ಕೈ ಎರಡೇ. ಒಂದು, ಉಜ್ಜಿ ಉಜ್ಜಿ ಸಿಪ್ಪೆ ಎದ್ದಿದ್ದ ಪುಟ್ಟಲಕ್ಷ್ಮಿಯದು. ಇನ್ನೊಂದು ಚಿಕ್ಕಸಿದ್ದಮ್ಮನದು, ತೊಂಬತ್ತೆಂಟು. ಹೊಗೆಸೊಪ್ಪು ಬೆಳೆಯಲು ಅವಳಿಗೆ ನೆಲವೇ ಇರಲಿಲ್ಲವಲ್ಲ.

ಚಿಕ್ಕಸಿದ್ದಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೊರಟಳು. ಪುಟ್ಟಲಕ್ಷ್ಮಿ ಅಡ್ಡ ನಿಂತಳು.

"ಸಿದ್ದಕ್ಕ, ನನ್ ಮಗಳು ಬಂದಾಗಿಂದ ಉಂಡಿಲ್ಲ. ನನ್ ಕೈ ಕಂಡ್ರೆ ಬಾಯ್ ಮುಚ್ಕೊತಾಳೆ. ಚಮಚ ಇಡ್ದ್ರೂ ಕೈ ನನ್ದೇ ಅಲ್ವಾ, ಮುಖ ತಿರುಗಿಸ್ತಾಳೆ." ಪುಟ್ಟಲಕ್ಷ್ಮಿ ಕೈ ಮುಗಿದಳು. "ನೀನ್ ಒಂದ್ ತುತ್ತು ಉಣ್ಸಕ್ಕ."

ಚಿಕ್ಕಸಿದ್ದಮ್ಮ ಹೊರಟ ಕಾಲನ್ನು ಹಿಂದಕ್ಕೆ ತೆಗೆದಳು. "ನನ್ ಆಲು ವಿಷ ಅಂದೆ. ಇಷ್ಟ್ ಜನದ್ ಮುಂದೆ ಅಂದೆ. ನಾನ್ ಅದ ಮರೆಯಲ್ಲ ಕಣಮ್ಮೀ."

"ಮರೀಬ್ಯಾಡ."

"ಅಂದ ಜಾಗದಲ್ಲೇ ನಿಂತ್ಕೊಂಡು ವಾಪಸ್ ತಗೋ."

ಪುಟ್ಟಲಕ್ಷ್ಮಿ ಮೇಜಿನ ಹಿಂದೆ ಹೋಗಿ, ತನ್ನ ಜಾಗದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು. "ಚಿಕ್ಕಸಿದ್ದಮ್ಮನ ಆಲು ಒಳ್ಳೆ ಆಲು. ವಿಷ ನನ್ ಕೈಲಿತ್ತು." ಆ ಡೈರಿಯಲ್ಲಿ ಅವಳು ಎಷ್ಟೋ ತೀರ್ಪು ಕೊಟ್ಟಿದ್ದಳು. ತನ್ನ ವಿರುದ್ಧ ಕೊಟ್ಟದ್ದು ಅದೊಂದೇ.

ಮನೆಯ ಜಗಲಿಯ ಮೇಲೆ ಅನುವನ್ನು ಕೂರಿಸಿಕೊಂಡು ಚಿಕ್ಕಸಿದ್ದಮ್ಮ ಅನ್ನ ಕಲಸಿದಳು. ಮಗು ಮೊದಲು ತಾಯಿಯ ಕಡೆ ನೋಡಿತು. ಪುಟ್ಟಲಕ್ಷ್ಮಿ ಕಂಬದ ಹಿಂದೆ ಸರಿದು, ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ಅವು ಕಾಣಿಸದಂತಾದ ಮೇಲೆ ಅನು ಬಾಯಿ ತೆರೆದಳು.